ಕೂಸಿನ ಎಡಗಿವಿ

ಸುಜಾತಾ ವೈನಿ,

ನೀವು ಏಳುವ ಮೊದಲೇ ಬೀದರ ಬಸ್ಸಿಗೆ ಹೊರಟಿದ್ದೇನೆ. ಬಸ್ಸು ಬರೀ ನೆಪ, ನಿಮಗೆ ಮುಖ ತೋರಿಸಲು ನಾಚಿಕೆ. ಇದರಲ್ಲಿ ಚೇಷ್ಟೆಯಿಲ್ಲ, ಎಲ್ಲ ಖರೇ.

ಹಾಲು ಕಾಸಿಟ್ಟಿದ್ದೇನೆ. ನಿನ್ನೆಯ ಗುಗ್ಗರಿ ಹಳಸಿದೆ, ತಿನ್ನಬೇಡಿ.

ನಿನ್ನೆ ನಾಮಕರಣದಲ್ಲಿ, ತೀರಿಹೋದ ನಿಮ್ಮ ಅಪ್ಪನ ಹೆಸರನ್ನು ನಾಲ್ಕು ತಿಂಗಳ ಕೂಸಿನ ಬಲಗಿವಿಯಲ್ಲಿ ಹೇಳಲೆಂದು ಸೋದರತ್ತೆಯಾದ ನನ್ನನ್ನು ತೊಟ್ಟಿಲ ಬಳಿ ಕೂರಿಸಿದಿರಿ. ನಾನೋ ಅಣ್ಣನನ್ನು ಕಾಡಿಸಲು ಗಂಡುಕೂಸಿಗೆ ನನ್ನದೇ ಹೆಸರು ಊದಿದೆ: “ಕುರ್ರ್, ಮಂಜಿರಿ!” ಹೆಂಗಸರು ನಗುತ್ತಾ, ಶಾಸ್ತ್ರದಂತೆ ನನ್ನ ಬೆನ್ನಿಗೆ ಗುದ್ದಿದರು. ಅಷ್ಟರಲ್ಲಿ ಅವ್ವ, “ಸ್ವಾದರತ್ತಿ ಕಿವ್ಯಾಗ ಊದಿದ ಹೆಸರು ಖಾಯಂ. ಬದಲ ಮಾಡಂಗಿಲ್ಲ” ಅಂದಳು. ನೀವು ಕಣ್ಣೊರೆಸುತ್ತಾ ಒಳಗೆ ಹೋದಿರಿ. ಕೇಳಿದರೆ “ಒಲಿ ಹೊಗಿರಿ” ಅಂದಿರಿ. ನಮ್ಮ ಮನೆಯಲ್ಲಿರುವುದು ಗ್ಯಾಸು, ವೈನಿ.

ರಾತ್ರಿಯಿಡೀ ನಿದ್ದೆಯಿಲ್ಲ. ಈಗಷ್ಟೇ ಅವ್ವನನ್ನು ಎಬ್ಬಿಸಿ ಕೇಳಿದೆ: “ಎಡಗಿವಿ ಇನ್ನಾ ಖಾಲಿ ಅದ ಅಲ್ಲೇನವ್ವಾ?”

“ಅದ. ಹೇಳಿ ತೊಲಗು ಮಾರಾಯ್ತಿ” ಎಂದು ಮಗ್ಗುಲಾದಳು.

ತೊಟ್ಟಿಲಿಗೆ ಬಗ್ಗಿ ಎಡಗಿವಿಯಲ್ಲಿ ಹೇಳಿದೆ. ನಿಮ್ಮ ಅಪ್ಪ ನಮ್ಮ ಬಾಗಿಲಲ್ಲಿ ನಿಂತು ಕೂಗುತ್ತಿದ್ದರಲ್ಲ, ಅದೇ ದನಿಯಲ್ಲಿ: “ಭಾಲಚಂದ್ರ ಬಂದಾನ್ರಿ, ಛಾ ಇಡ್ರಿ!”

ಮನೆಯಲ್ಲಿ ಮಂಜಿರಿ ಅನ್ನಿ, ಸಾಲಿಯಲ್ಲಿ ಭಾಲಚಂದ್ರ ಎಂದು ಬರೆಸಿ. ಈ ಸಲ ಬೆನ್ನಿಗೆ ಗುದ್ದುವವರು ಯಾರೂ ಇರಲಿಲ್ಲ. ಭಾನುವಾರ ಬರುತ್ತೇನೆ, ನೀವೇ ಗುದ್ದಿ. ಮೆತ್ತಗೆ ಬೇಡ.

ನಿದ್ದೆಗಣ್ಣಲ್ಲಿ ನಿಮ್ಮ ಅಪ್ಪನಂಥದೇ ಗಟ್ಟಿ ನಗು ಕೇಳಿಸಿದ್ದರೆ, ಅದು ನನ್ನ ಮಿಮಿಕ್ರಿ ಅಲ್ಲ, ವೈನಿ. ನಿಮ್ಮ ಮಗನದೇ.

ಮಂಜಿರಿ (ದೊಡ್ಡಾಕಿ)