ಮಾತು ಜಾಸ್ತಿ ಎಂಬ ದೂರು

ಮೊಂಪೋಸ್, ಶುಕ್ರವಾರ

ಪ್ರೀತಿಯ ಅಕ್ಕ,

ನಮ್ಮ ಗುಡ್ಡದ ಚಳಿಯಲ್ಲಿ ಬೆಳೆದ ಮೈ ಈ ನದಿದಂಡೆಯ ಸೆಖೆಗೆ ಈಗೀಗ ಒಗ್ಗುತ್ತಿದೆ. ನಾನು ಅಡುಗೆ ಮಾಡುವ ಪುಟ್ಟ ಹೋಟೆಲಿನ ಒಡತಿ ಎತೆಲ್ವಿನಾ ಅವರ ಬಗ್ಗೆ, ರೂಮು ಕಾಯ್ದಿರಿಸುವ ಜಾಲತಾಣದಲ್ಲಿ ಯಾರೋ ಬರೆದರು: "ಹಾಸಿಗೆ ಚೆನ್ನಾಗಿದೆ. ಒಡತಿಯ ಮಾತು ಜಾಸ್ತಿ, ತಿಂಡಿ ತಿನ್ನಲೂ ಬಿಡುವುದಿಲ್ಲ."

"ಇದನ್ನ ಓದಿದ್ಮೇಲೆ ಯಾರೇ ಬರ್ತಾರೆ?" ಎಂದು ಎತೆಲ್ವಿನಾ ಅತ್ತರು. ಅಂದಿನಿಂದ ಜೋಳದ ಅರೇಪಾ ರೊಟ್ಟಿ ಬಡಿಸಿ, ತುಟಿ ಬಿಚ್ಚದೆ ಒಳಗೆ ಹೋಗಿಬಿಡುತ್ತಿದ್ದರು.

ನಿನ್ನೆ ಬೊಗೊಟಾದಿಂದ ಅನಿಬಾಲ್ ಎಂಬ ಮುದುಕರು ಬಂದರು. ಇಂದು ಬೆಳಿಗ್ಗೆ ತಿಂಡಿ ಮುಟ್ಟದೆ ಕಾದು ಕೂತು, ಕೊನೆಗೆ ನನ್ನನ್ನು ಕರೆದರು.

"ಏನಮ್ಮಾ, ಆ ಮಾತಿನಮ್ಮ ಊರಲ್ಲಿಲ್ವಾ? ಹೆಂಡ್ತಿ ಹೋದ್ಮೇಲೆ ನಮ್ಮನೇಲಿ ಮಾತಾಡೋದು ರೇಡಿಯೋ ಒಂದೇ. ಆ ದೂರು ಓದೇ ನಾನು ಇಲ್ಲಿ ರೂಮು ಹಿಡಿದಿದ್ದು."

ಎತೆಲ್ವಿನಾ ಅವರಿಗೆ ಒಳಗೇ ಕೇಳಿಸಿತು. ಕೈ ಒರೆಸಿಕೊಳ್ಳುತ್ತ ಬಂದು ಎದುರು ಕೂತರು.

"ಎಲ್ಲಿಂದ ಶುರು ಮಾಡ್ಲಿ?"

"ಹುಟ್ಟಿದಾಗಿನಿಂದ."

ಮಧ್ಯಾಹ್ನವಾಯಿತು, ಇಬ್ಬರೂ ಇನ್ನೂ ಎದ್ದಿಲ್ಲ.

ನನ್ನ ಕೆಮ್ಮು ವಾಸಿಯಾಗಿದೆ, ಔಷಧಿ ಕಳಿಸಬೇಡ. ಟಪಾಲು ಒಯ್ಯುವ ದೋಣಿಯವನು ಈ ಕಾರ್ಡಿಗಾಗಿ ಕೂಗುತ್ತಿದ್ದಾನೆ.

ನಿನ್ನ ಯಾದಿರಾ