ಮೊದಲ ನಾಟಿಗೆ ನಿನ್ನ ಕೈ

ಹುಬ್ಲಾಗನ್, ಇಫುಗಾವೋ
೨೪ ಜನವರಿ ೧೯೮೯, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಹಾಂಗ್‌ಕಾಂಗಿನ ಚಳಿಗೆ ಬೆರಳು ಒಡೆದು ರಕ್ತ ಬರುತ್ತೆ ಅಂತ ಬರೆದಿದ್ದೆ, ಈಗ ಪರವಾಗಿಲ್ಲವಾ? ಪಾತ್ರೆ ತೊಳೆಯುವ ಮುಂಚೆ ಸ್ವಲ್ಪ ಹಂದಿ ಕೊಬ್ಬು ಸವರಿಕೋ, ಅಮ್ಮ ಹೇಳುತ್ತಿದ್ದ ಮದ್ದು ಅದೇ ತಾನೇ. ಆ ಮನೆಯ ಮಗು ಈಗಲೂ ನಿನ್ನ ಪಕ್ಕದಲ್ಲೇ ಮಲಗಬೇಕು ಅಂತ ಹಟ ಹಿಡಿಯುತ್ತಾ? ಕ್ರಿಸ್‌ಮಸ್‌ಗೆ ನೀನು ಕಳಿಸಿದ ಫೋಟೋದಲ್ಲಿ ಅದು ನಿನ್ನ ಕುತ್ತಿಗೆಗೆ ಜೋತುಬಿದ್ದಿದೆ, ಹಿಂದೆ ಸಮುದ್ರ. ಬಿಳುಪೇರಿದ್ದೀಯಾ, ಮೈಕೈ ತುಂಬಿಕೊಂಡಿದ್ದೀಯಾ. ನೋಡಿ ಸಂತೋಷವಾಯಿತು ಅಂತ ಸುಳ್ಳು ಬರೆಯಲ್ಲ. ಹೊಟ್ಟೆ ಉರೀತು. ಆಮೇಲೆ ಅತ್ತುಬಿಟ್ಟೆ.

ನಾನೂ ಚೆನ್ನಾಗಿದ್ದೀನಿ ಅಂತ ಬರೆಯುವುದು ಪದ್ಧತಿ, ಬರೆದಿದ್ದೀನಿ ಅಂತ ತಿಳಿದುಕೋ. ಅಮ್ಮನ್ನ ಮಣ್ಣು ಮಾಡಿ ನಾಲ್ಕು ತಿಂಗಳಾಯಿತು. ಇನ್ನೂ ಸಂಜೆ ಎರಡು ತಟ್ಟೆ ಇಟ್ಟುಬಿಡುತ್ತೀನಿ, ಒಂದನ್ನ ತೆಗೆದು ಗೋಡೆಗೆ ಒರಗಿಸುತ್ತೀನಿ. ಅವಳ ಎಲೆಅಡಿಕೆ ಚೀಲ ಕಣಜದ ಮೆಟ್ಟಿಲ ಹತ್ತಿರವೇ ನೇತಾಡುತ್ತಿದೆ, ಸುಣ್ಣ ಒಣಗಿ ಕಲ್ಲಾಗಿದೆ. ಬಿಸಾಡು ಅಂತಾರೆ ಜನ. ನಿನ್ನದು ಏನಾದರೂ ಹೀಗೆ ನೇತಾಡುತ್ತಿದ್ದರೆ ನಾನು ಯಾವತ್ತೋ ಬಿಸಾಡಿರುತ್ತಿದ್ದೆ, ಕೋಪಕ್ಕೆ.

ಹೋದ ತಿಂಗಳು ಬಾಗಿಯೊ ಪಟ್ಟಣದಿಂದ ಒಬ್ಬ ಅಧಿಕಾರಿ ಬಂದಿದ್ದ. ನಮ್ಮ ಬೆಟ್ಟಗಳನ್ನೆಲ್ಲ ಒಟ್ಟುಮಾಡಿ ಹೊಸ ಆಡಳಿತ ಪ್ರದೇಶ ಮಾಡಿದ್ದಾರಲ್ಲ, ಅದರ ಕಾಗದಪತ್ರಕ್ಕೆ ಊರೂರಿನ ವಿವರ ಬೇಕಂತೆ. ಎಷ್ಟು ಮನೆ, ಎಷ್ಟು ಗದ್ದೆ, ನದಿ ಯಾವುದು, ಕಸುಬು ಏನು, ಎಲ್ಲ ಕೇಳಿದ. ಗಂಡಸರು ಗಣಿಗೆ ಹೋಗುತ್ತಾರೆ, ಉಳಿದವರು ಪೇಟೆಯ ಪ್ರವಾಸಿಗರಿಗೆ ಮರದ ಬೊಂಬೆ ಕೆತ್ತುತ್ತಾರೆ, ಗದ್ದೆ ಕೊಯ್ದ ಅಕ್ಕಿ ವರ್ಷದಲ್ಲಿ ಐದು ತಿಂಗಳಿಗೆ ಬರುತ್ತೆ, ಮಿಕ್ಕ ದಿನ ಗೆಣಸು ಅಂತ ಬರೆಸಿದೆವು. ಕೊನೆಗೆ, ನಿಮ್ಮೂರಿಂದ ಹೊರಗೆ ಹೋಗುವ ಮುಖ್ಯ ಸರಕು ಯಾವುದು ಅಂತ ಕೇಳಿದ. ಕೆಳಗದ್ದೆ ಬಾಹತನ್‌ನ ಹೆಂಡತಿ ಹುಮ್ಮಾಯ್ ಎಲೆ ಉಗಿದು, ಹೆಣ್ಣುಮಕ್ಕಳು, ಬರಕೋ, ಅಂದಳು. ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ಹುಮ್ಮಾಯ್ ನನ್ನ ಕಡೆ ತಿರುಗಿ, ನಿಮ್ಮಕ್ಕ ಬರೋದು ಯಾವತ್ತು ಅಂದಳು. ಆಗ ಯಾರೂ ನಗಲಿಲ್ಲ.

ಅದಕ್ಕೇ ಈ ಕಾಗದ, ಅಕ್ಕಾ. ಸಸಿಮಡಿಗೆ ಬೀಜ ಚೆಲ್ಲಿ ಐವತ್ತು ದಿನ ದಾಟಿತು. ಬೀಜ ಚೆಲ್ಲುವುದಕ್ಕೆ ಕಿಂದಿಪಾನ್ ಮಾಮ ಹೇಗೋ ದಾರಿ ಹುಡುಕಿದ. ಪೂಜೆ ಮಾಡುವವನು ಅವನೇ, ದಾರಿಯೂ ಅವನೇ ಹುಡುಕಬೇಕಲ್ಲ. ಅಮ್ಮ ಸಾಯುವ ಮುಂಚಿನ ಕೊಯ್ಲಲ್ಲಿ ತಾನೇ ಆರಿಸಿಟ್ಟ ತೆನೆ ಅದು, ಅದು ಅವಳ ಕೈಯೇ ಚೆಲ್ಲಿದ ಹಾಗೆ, ಹಿರಿಯರು ತಕರಾರು ಮಾಡಲ್ಲ ಅಂದ. ಆದರೆ ನಾಟಿಗೆ ಬದುಕಿರುವ ಕೈ ಬೇಕು. ನಮ್ಮ ಗದ್ದೆಯಲ್ಲಿ ಮೊದಲ ಸಸಿ ಊರದೆ ಈ ಕಣಿವೆಯಲ್ಲಿ ಯಾರೂ ನೆಡುವ ಹಾಗಿಲ್ಲ, ಆ ಮೊದಲ ಸಸಿ ಊರಬೇಕಾದವಳು ಹಿರಿಮಗಳು. ಇದು ನಿನಗೆ ನಾನು ಹೇಳಿಕೊಡಬೇಕಾ? ಏಳು ವರ್ಷಕ್ಕೇ ಅಮ್ಮ ನಿನ್ನ ಬೆರಳು ಹಿಡಿದು ಕೆಸರಲ್ಲಿ ಅದ್ದಿದ್ದಳು. ನಾನು ಬದುವಿನ ಮೇಲೆ ಕೂತು ನನಗೂ ಅಂತ ಅಳುತ್ತಿದ್ದೆ. ನೀನು ಎರಡನೆಯವಳು ಕಣೇ, ನಿನಗೆ ಗದ್ದೆಯೂ ಇಲ್ಲ, ಅದರ ಗೋಳೂ ಇಲ್ಲ, ಎಲ್ಲಿಗೆ ಬೇಕಾದರೂ ಹೋಗು ಅನ್ನುತ್ತಿದ್ದಳು. ಆಗ ಅದು ಬೈಗುಳ ಅಂದುಕೊಂಡಿದ್ದೆ.

ಫೋಟೋದ ಹಿಂದೆ ನೀನು ಬರೆದ ಒಂದು ಸಾಲು ನನ್ನ ಎದೆಗೆ ಮುಳ್ಳು ಚುಚ್ಚಿದ ಹಾಗೆ ಕೂತಿದೆ. ರಜೆ ಸಿಗುವುದು ಕಷ್ಟ, ನೀನೇ ನೆಟ್ಟುಬಿಡು, ಏನು ಮಹಾ ವ್ಯತ್ಯಾಸ, ಅಂತ. ಏನು ಮಹಾ ವ್ಯತ್ಯಾಸ. ಅಮ್ಮನ ಮಣ್ಣಿಗೂ ರಜೆ ಸಿಗಲಿಲ್ಲ, ನಾನು ಒಂದು ಮಾತು ಆಡಲಿಲ್ಲ. ನಿನ್ನ ಪಾಲಿನ ಕಂಬಳಿಯನ್ನೂ ನಾನೇ ಅವಳಿಗೆ ಹೊದಿಸಿದೆ. ಆದರೆ ನಾಲ್ಕು ವರ್ಷದ ಹಿಂದೆ ಜೀಪು ಹತ್ತುವಾಗ ನೀನು ಏನು ಹೇಳಿದ್ದೆ, ನೆನಪಿದೆಯಾ? ಮೂರು ವರ್ಷ ಅಮ್ಮನ್ನ ನೋಡಿಕೋ ಗಿನ್ನಿದ್, ನಾನು ಬಂದು ಗದ್ದೆ ಹಿಡೀತೀನಿ, ನೀನು ಓದೋಕೆ ಹೋಗು ಅಂದಿದ್ದೆ. ಬಾಗಿಯೊದ ನರ್ಸಿಂಗ್ ಶಾಲೆಯವರು ನನಗೆ ಜೂನ್‌ಗೆ ಸೀಟು ಕೊಟ್ಟಿದ್ದಾರೆ. ಎರಡನೇ ಸಲ ಕೊಡುತ್ತಿದ್ದಾರೆ, ಮೂರನೇ ಸಲ ಕೊಡಲ್ಲ ಅಂತ ಬರೆದಿದ್ದಾರೆ. ನನಗೆ ಇಪ್ಪತ್ತಾರು ಆಯಿತು ಅಕ್ಕಾ. ಮೊದಲ ಸಸಿ ಊರಿದವಳು ಕೊಯ್ಲಾಗುವ ತನಕ ನದಿ ದಾಟುವ ಹಾಗಿಲ್ಲ, ಒಂದು ವರ್ಷ ಊರಿದವಳು ಸಾಯುವ ತನಕ ಊರಬೇಕು. ಇದೇ ವ್ಯತ್ಯಾಸ.

ಜನ ಇನ್ನೂ ಕಾಯುತ್ತಿದ್ದಾರೆ, ಆದರೆ ಕಾಯುವವರ ಮುಖ ನೋಡೋಕಾಗಲ್ಲ. ಸಸಿ ತುದಿ ಹಳದಿಯಾಗುತ್ತಿದೆ. ಮೇಲ್ಗದ್ದೆಯವರು ನೀರು ಕಟ್ಟಿ ಮೂರು ವಾರವಾಯಿತು, ಎರೆಹುಳ ಬದು ಕೊರೆದು ಎರಡು ಕಡೆ ಕಲ್ಲುಗೋಡೆ ಜಾರಿದೆ. ನಿಮ್ಮಕ್ಕ ಹಾಂಗ್‌ಕಾಂಗಲ್ಲಿ ಕಂಡೋರ ನೆಲ ಒರೆಸೋದಕ್ಕೆ ನಮ್ಮ ನೆಲ ಯಾಕೆ ಒಣಗಬೇಕು ಅಂತ ಬಾಹತನ್ ಮೊನ್ನೆ ಎಲ್ಲರೆದುರಿಗೆ ಅಂದ. ಅವನು ಹೇಳಿದ್ದು ಸುಳ್ಳೇನಲ್ಲ. ಮಾಮ ಮಾತ್ರ, ಮೊದಲ ಕೈ ಬೀಳದೆ ನೆಟ್ಟು ಇಲಿ ಬಿದ್ದರೆ ಯಾರ ಹೆಸರು ಹೇಳ್ತೀಯೋ ಅಂತ ಅವನ ಬಾಯಿ ಮುಚ್ಚಿಸಿದ. ಎಷ್ಟು ದಿನ ಮುಚ್ಚಿರುತ್ತೆ? ಫೆಬ್ರವರಿ ಹದಿನೈದು ದಾಟಿದರೆ ಸಸಿ ಕಿತ್ತು ಹಂದಿಗೆ ಹಾಕಬೇಕು, ಅಷ್ಟೇ. ಅಕ್ಕಾ, ಕಾಲಿಗೆ ಬೀಳುತ್ತೀನಿ, ಬಾ. ಕೆಲಸ ಬಿಟ್ಟು ಬಾ. ಬಂದು ನೆಟ್ಟು, ನಾನು ಇರ್ತೀನಿ ಅಂತ ಹೇಳು. ಇಲ್ಲ ಅಂದರೆ ಬರಲ್ಲ ಅಂತಲಾದರೂ ನೆಟ್ಟಗೆ ಬರೆ. ನೋಡೋಣ ನೋಡೋಣ ಅಂತ ಬರೆಯಬೇಡ. ಆ ನೋಡೋಣದಲ್ಲೇ ಅಮ್ಮ ಹೋದಳು.

ಶನಿವಾರದ ಜೀಪಿಗೆ ಈ ಕಾಗದ ಕೊಡುತ್ತೀನಿ. ಮೈ ಕಡೆ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಕಿಂದಿಪಾನ್ ಮಾಮ ನಿನ್ನ ಹೆಸರು ಹೇಳಿ ಒಂದು ಬಟ್ಟಲು ಅಕ್ಕಿಹೆಂಡ ನೆಲಕ್ಕೆ ಚೆಲ್ಲಿದ್ದಾನೆ, ಮುದುಕನ ಆಶೀರ್ವಾದ ಅದು. ಹಿರಿಯರು ನಿನ್ನನ್ನ ಕಾಯಲಿ.

ನಿನ್ನ ತಂಗಿ,
ಗಿನ್ನಿದ್

ಮತ್ತೆ ಬರೆದದ್ದು, ೬ ಫೆಬ್ರವರಿ. ಜೀಪು ನಿಂತಿದೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೀನಿ. ಗುಡ್ಡ ಕುಸಿದು ಎರಡು ಶನಿವಾರ ದಾರಿ ಮುಚ್ಚಿತ್ತು, ಕಾಗದ ನನ್ನ ಹತ್ತಿರವೇ ಉಳೀತು. ಮೊನ್ನೆ ಬೆಳಿಗ್ಗೆ ಬಾಹತನ್ ಸಸಿಯ ಕಟ್ಟು ಹೊತ್ತು ತನ್ನ ಗದ್ದೆಗೆ ಇಳಿದೇಬಿಟ್ಟ. ಮಾಮ ಅವನ ಕೈ ಹಿಡಿದು ನಿಲ್ಲಿಸಿ, ನಮ್ಮ ಬದುವಿನ ಮೇಲೆ ಕೂತು ಹಿರಿಯರ ಹೆಸರು ಹೇಳೋಕೆ ಶುರುಮಾಡಿದ. ಊರೆಲ್ಲ ಬಂತು. ಅಜ್ಜಿಯಾಯಿತು, ಅಮ್ಮನಾಯಿತು, ಆಮೇಲೆ ಅಗಿನಾಯಾ ಅಂತ ನಿನ್ನ ಹೆಸರು ಕೂಗಿ, ಓಗೊಡಲಿ ಅಂತ ಕಾದ. ಇನ್ನೊಂದು ಸಲ ಕೂಗಿದ. ಯಾರೂ ನನ್ನ ಕಡೆ ನೋಡಲಿಲ್ಲ, ಎಲ್ಲರೂ ನೀರು ನೋಡುತ್ತಿದ್ದರು. ಮುದುಕ ಮೂರನೇ ಸಲವೂ ಕೂಗಿದ. ನಾನು, ಬಂದೆ, ಅಂದುಬಿಟ್ಟೆ. ಗದ್ದೆಗಿಳಿದು ಮೊದಲ ಸಸಿ ಊರಿದೆ. ಮಾರನೇ ದಿನ ಯಾರೂ ಕೆಲಸ ಮಾಡದೆ ಪದ್ಧತಿ ಪ್ರಕಾರ ಮನೆಯಲ್ಲಿ ಕೂತರು, ಇವತ್ತು ಇಡೀ ಕಣಿವೆ ನೆಡುತ್ತಿದೆ. ಬಾಗಿಯೊದ ಶಾಲೆಗೆ ಬರಲ್ಲ ಅಂತ ಬರೆದ ಕಾಗದವೂ ಇದೇ ಜೀಪಲ್ಲಿ ಹೋಗುತ್ತಿದೆ. ಬೆಳಿಗ್ಗೆ ನೀರಿಗೆ ಹೋದಾಗ ಹುಮ್ಮಾಯ್ ಸಿಕ್ಕಿದಳು. ಏನು ಅಗಿನಾಯಾ, ಯಾವಾಗ ಬಂದೆ ಅಂತ ಕೇಳಿದಳು, ಮುಖದಲ್ಲಿ ನಗು ಇರಲಿಲ್ಲ. ಮೊನ್ನೆ ಅಂದೆ. ಈಗ ಊರಲ್ಲಿ ಎಲ್ಲರೂ ನನ್ನನ್ನ ಹಾಗೇ ಕರೆಯುತ್ತಾರೆ, ಹಿರಿಯರ ಮುಂದೆ ಓಗೊಟ್ಟ ಹೆಸರು ವಾಪಸ್ ಕೊಡೋಕಾಗಲ್ಲ. ನೀನು ರಜೆಗೆ ಪರದಾಡಬೇಡ. ಯಾವತ್ತಾದರೂ ಬಂದರೆ ಗಿನ್ನಿದ್ ಅಂತ ಬಾ. ಆ ಹೆಸರು ಖಾಲಿ ಇದೆ.