ಪಡಸಾಲೆಗೊಂದು ಕಿಟಕಿ

ಕೆಂಚಾರ್ಲಹಳ್ಳಿ
೧೬ ಮಾರ್ಚ್ ೧೯೮೮

ಪ್ರಿಯ ಪ್ರಮೀಳಾ,

ನಿನ್ನ ಎರಡು ಕಾಗದಕ್ಕೂ ಸೇರಿಸಿ ಈಗ ಉತ್ತರ ಬರೆಯುತ್ತಿದ್ದೇನೆ. ಮೊದಲು ಬೈದುಕೋ, ಆಮೇಲೆ ಓದು. ನಿನ್ನ ಮೊಣಕಾಲು ನೋವು ಇಳಿದಿದೆ ಎಂದುಕೊಂಡಿದ್ದೇನೆ. ಇಲ್ಲಿ ಎಲ್ಲರೂ ಆರೋಗ್ಯ, ನನ್ನ ತಲೆಯೊಂದು ಬಿಟ್ಟು.

ಕಾರಣ ಒಂದು ಕಿಟಕಿ. ನಮ್ಮ ಪಡಸಾಲೆ ನೀನು ಕಂಡಿದ್ದೀಯ. ಮಟಮಟ ಮಧ್ಯಾಹ್ನವೂ ಪೇಪರ್ ಓದಬೇಕಾದರೆ ಬೀದಿಬಾಗಿಲಲ್ಲಿ ಕೂರಬೇಕು. ಮೂಡಲ ಗೋಡೆ ಒಡೆದು ಕಿಟಕಿ ಇಡಿಸೋಣ ಎಂದರೆ ಮನೆಯವರಿಗೆಲ್ಲ ಸಂಕಟ. ಈ ಭಾನುವಾರ ನಮ್ಮ ಭಾರತಿಯನ್ನು ನೋಡಲು ಗೌರಿಬಿದನೂರಿನವರು ಬರುತ್ತಾರೆ. ಅಷ್ಟರೊಳಗೆ ಆಗಲಿ, ಬಂದವರು ಗವಿಯಲ್ಲಿ ಕೂತು ಉಪ್ಪಿಟ್ಟು ತಿನ್ನುವುದು ಬೇಡ ಅಂತ ನನ್ನ ಹಟ.

"ಊಜಿ ನೊಣ ನುಗ್ಗುತ್ತೆ, ಹುಳದ ಮೇಲೆ ಮೊಟ್ಟೆ ಇಡುತ್ತೆ, ಬೆಳೆ ಹೋಗುತ್ತೆ" ಎಂದರು ಇವರು. ರೇಷ್ಮೆಹುಳುವಿನ ತಟ್ಟೆಗಳಿರುವುದು ಹಿಂದಿನ ಕೋಣೆಯಲ್ಲಿ. ಆದರೂ ಕಿಟಕಿಗೆ ನೈಲಾನ್ ಪರದೆ ಹಾಕಿಸೋಣ ಎಂದೆ. "ನೊಣ ನಿನ್ನಷ್ಟು ಓದಿಲ್ಲ, ಪರದೆ ಅಂದ್ರೆ ಏನಂತ ಅದಕ್ಕೆ ಗೊತ್ತಾಗಲ್ಲ" ಎಂದರು. ಇದು ತಮಾಷೆಯೋ ಉತ್ತರವೋ ನನಗಿನ್ನೂ ತಿಳಿದಿಲ್ಲ.

ಅತ್ತೆ ಚಿಕ್ಕಮುನಿಯಮ್ಮನವರದು ಬೇರೆಯೇ ವರಸೆ. "ಬೆಳಕು ಬೇಕಾದ್ರೆ ಕಣಕ್ಕೋಗಿ ಕೂತ್ಕೊಳಮ್ಮ, ಅಲ್ಲಿ ಬೇಕಾದಷ್ಟು ಐತೆ. ಗೋಡೆ ನಿನಗೇನು ಮಾಡ್ತು ತಲ್ಲೀ?" ಮೊದಲು ಕಳ್ಳರ ಭಯ, ಆಮೇಲೆ ಬಿಸಿಲು, ಆಮೇಲೆ ಧೂಳು. ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ಸಿದ್ಧ. ನಾನೇ ಹಟಮಾರಿಯೇ? ಕಾನ್ವೆಂಟಿನಲ್ಲಿ ಕಲಿತ ಗಾಳಿಬೆಳಕಿನ ಪಾಠವನ್ನು ಇವರ ಮೇಲೆ ಹೇರುತ್ತಿದ್ದೇನೆಯೇ? ಕೇಳಿಕೊಳ್ಳದೆ ಇಲ್ಲ. ಆದರೂ ಹಾಡುಹಗಲಲ್ಲಿ ಮಿಣುಕು ಬಲ್ಬು ಹಾಕಿಕೊಂಡು ಬದುಕುವುದು ಯಾವ ನ್ಯಾಯ?

ಕೊನೆಗೆ ಗಾರೆ ಕೆಲಸದ ಆವಲಪ್ಪನನ್ನು ನಾನೇ ಕರೆಸಿದೆ. ಇವತ್ತು ಬೆಳಿಗ್ಗೆ ಬಂದು ಗೋಡೆ ಮೇಲೆ ಇದ್ದಿಲಲ್ಲಿ ಚೌಕ ಬರೆದ. ಅತ್ತೆ ಹಿಂದೆಯೇ ನಿಂತು ಸೆರಗಿನಲ್ಲಿ ಅಳಿಸಿದರು. "ನಿಮ್ಮನೇಲಿ ಯಾರ ಮಾತು ನಡೆಯುತ್ತೆ ಅಂತ ನೀವೇ ತೀರ್ಮಾನ ಮಾಡ್ಕಳಿ. ಗೋಡೆ ಅಲ್ಲೀವರ್ಗೂ ಎಲ್ಲೂ ಹೋಗಲ್ಲ" ಎಂದು ಟೀ ಕುಡಿದು ಹೊರಟ. ನಾಳೆ ಬಾ ಎಂದಿದ್ದೇನೆ. ಒಡೆಸಿಯೇ ತೀರುತ್ತೇನೆ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಶ್ಯಾಮಲಾ

ಹಿಂಬರಹ: ಲಕೋಟೆ ಅಂಟಿಸುವಷ್ಟರಲ್ಲಿ ಭಾರತಿ ಬಂದು ಪಕ್ಕದಲ್ಲಿ ಕೂತಳು. ಹೋದ ವರ್ಷ ಅವಳ ಕೆನ್ನೆಯ ಮೇಲೆ ಬಿಳಿ ಮಚ್ಚೆ ಮೂಡಿದ್ದನ್ನು ನಿನಗೆ ಬರೆದಿದ್ದೆನಲ್ಲ. "ಅಮ್ಮ, ಭಾನುವಾರ ಕಳೀಲಿ. ಬೆಳಕಿದ್ರೆ ಬರೀ ಮಚ್ಚೆ ನೋಡ್ತಾರೆ. ಇಲ್ದಿದ್ರೆ ಮೊದಲು ನನ್ನ ಮಾತು ಕೇಳ್ತಾರೆ. ಆಮೇಲೆ ನಾನೇ ಹೇಳ್ತೀನಿ" ಎಂದಳು. ಅಜ್ಜಿಗೂ ಅಪ್ಪನಿಗೂ ಮೊದಲೇ ಹೇಳಿಕೊಂಡಿದ್ದಳಂತೆ. ನೊಣ, ಕಳ್ಳ, ಧೂಳು ಎಲ್ಲ ಅವಳಿಗಾಗಿ. ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

"ನೀನು ವಾದ ಮಾಡ್ತೀಯಮ್ಮ" ಎಂದಳು.

ಮಾಡುತ್ತಿದ್ದೆ ಕಣೇ.